ತಂಪು ತಾಗಬೇಕು

ಬಿಸಿ ಮಾಡುವುದು ಸುಲಭ, ಆರಿಸುವುದು ಕಷ್ಟ. ಅಡಿಗೆಮನೆಯಲ್ಲಿ ನಾಲ್ಕು ದಿನ ನಿಂತವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಲೆ ಹಚ್ಚಿದರೆ ಬಿಸಿ ತಾನಾಗಿಯೇ ಬರುತ್ತದೆ. ಆದರೆ ರಾತ್ರಿ ಕಾಯಿಸಿದ ಹಾಲು ಹೆಪ್ಪು ಹಾಕುವ ಹದಕ್ಕೆ ಆರಬೇಕೆಂದರೆ ತೂಕಡಿಸುತ್ತ ಕಾಯಬೇಕು. ಕಾಯಲಾರದವರು ಹಾಲಿನ ಪಾತ್ರೆಯನ್ನು ತಣ್ಣೀರಿನ ಹರಿವಾಣದಲ್ಲಿ ಇಡುತ್ತಾರೆ. ಸ್ವಲ್ಪ ಹೊತ್ತಿಗೆ ಹಾಲು ಆರುತ್ತದೆ, ನೀರು ಬೆಚ್ಚಗಾಗುತ್ತದೆ. ಹಾಲಿಗೆ ನೀರು ಸೇರಲಿಲ್ಲ, ನೀರಿಗೆ ಹಾಲು ಸೇರಲಿಲ್ಲ. ನಡುವೆ ಪಾತ್ರೆಯ ಗೋಡೆ ನಿಂತು ಬಿಸಿಯನ್ನಷ್ಟೇ ಈ ಕಡೆಯಿಂದ ಆ ಕಡೆಗೆ ದಾಟಿಸಿತು. ಇಂಗ್ಲಿಷಿನಲ್ಲಿ ಇದಕ್ಕೆ ಹೀಟ್ ಎಕ್ಸ್‌ಚೇಂಜರ್ ಎಂಬ ಭಾರಿ ಹೆಸರಿದೆ. ಹೆಸರು ಗೊತ್ತಿಲ್ಲದೆಯೇ ನಮ್ಮ ಅಜ್ಜಿಯರು ಅದನ್ನು ದಿನಕ್ಕೆರಡು ಸಲ ಮಾಡುತ್ತಿದ್ದರು.

ನಾನು ಸಾಗರದ ಹೈಸ್ಕೂಲೊಂದರಲ್ಲಿ ಮೂವತ್ತು ವರ್ಷ ವಿಜ್ಞಾನ ಪಾಠ ಹೇಳಿದವಳು. ಉಷ್ಣ ಎಂಬ ಅಧ್ಯಾಯವನ್ನು ಎಷ್ಟು ಸಲ ಮಾಡಿದ್ದೇನೋ ಲೆಕ್ಕವಿಲ್ಲ. ಒಂದು ಗ್ರಾಂ ಮಂಜುಗಡ್ಡೆ ಕರಗಿ ನೀರಾಗಲು 80 ಕ್ಯಾಲೊರಿ ಶಾಖ ಬೇಕು ಎಂದು ಕಪ್ಪು ಹಲಗೆಯ ಮೇಲೆ ಬರೆದು, ಮಕ್ಕಳಿಂದ ಮೂರು ಸಲ ಹೇಳಿಸಿ, ಪರೀಕ್ಷೆಯಲ್ಲಿ ಕೇಳಿ, ಮಾರ್ಕು ಕೊಟ್ಟು ನಿವೃತ್ತಳಾದೆ. ಮಂಜುಗಡ್ಡೆ ಎಂದರೆ ನನ್ನ ಮಟ್ಟಿಗೆ ಫ್ರಿಜ್ಜಿನ ತಟ್ಟೆಯಲ್ಲಿರುವ ಆರು ಚೌಕಗಳು. ಆ 80 ಕ್ಯಾಲೊರಿಯನ್ನು ಕೈಯಿಂದ ಮುಟ್ಟಿ ನೋಡುವ ಯೋಗ ಬಂದದ್ದು ಅರವತ್ತೆರಡನೆಯ ವಯಸ್ಸಿನಲ್ಲಿ, ಅಮೆರಿಕದ ಮಿನ್ನೆಸೋಟಾ ರಾಜ್ಯದಲ್ಲಿ, ಸ್ನೋಮೊಬೈಲ್ ಎಂಬ ಹಿಮದ ಬಂಡಿಯ ಹೊಟ್ಟೆಯ ಕೆಳಗೆ.

ಮಗಳ ಬಾಣಂತನಕ್ಕೆಂದು ಹೋಗಿದ್ದೆ. 2018ರ ಡಿಸೆಂಬರ್. ಅವಳ ಮನೆ ಇರುವುದು ಸುಪೀರಿಯರ್ ಸರೋವರದ ದಂಡೆಯ ಡುಲೂತ್ ಎಂಬ ಊರಿನ ಹೊರವಲಯದಲ್ಲಿ. ನಾನು ಪೆಟ್ಟಿಗೆಯಲ್ಲಿ ಶುಂಠಿ, ಮೆಣಸು, ಅಂಟಿನುಂಡೆ, ಲೋಬಾನ ಎಲ್ಲ ಕಟ್ಟಿಕೊಂಡು ಹೋಗಿದ್ದೆ. ಬಾಣಂತಿಗೆ ಥಂಡಿ ತಾಗಬಾರದು ಎಂಬುದಲ್ಲವೆ ನಮ್ಮ ಶಾಸ್ತ್ರದ ಮೊದಲ ಸೂತ್ರ? ಅಲ್ಲಿ ನೋಡಿದರೆ ಕಿಟಕಿಯ ಹೊರಗೆ ಊರಿಗೆ ಊರೇ ಥಂಡಿಯಲ್ಲಿ ಮುಳುಗಿ ಕೂತಿದೆ. ಮನೆಯೊಳಗೆ ಮಾತ್ರ ಹೀಟರಿನ ದೆಸೆಯಿಂದ ನಮ್ಮ ಫೆಬ್ರವರಿಯ ಹವೆ. ಜನವರಿ ಕೊನೆಯ ವಾರ ಬಂದ ಚಳಿಯಂತೂ ಹೇಳತೀರದು. ಡುಲೂತಿನಲ್ಲಿ ಉಷ್ಣತೆ ಸೊನ್ನೆಗಿಂತ 33 ಡಿಗ್ರಿ ಕೆಳಗೆ ಇಳಿಯಿತು. ಶಾಲೆಗಳಿಗೆ ರಜೆ ಕೊಟ್ಟರು. ಮಳೆಯಿರಲಿ ಹಿಮವಿರಲಿ ನಿಲ್ಲದ ಅಲ್ಲಿನ ಅಂಚೆಯವರೂ ಒಂದು ದಿನ ಬಟವಾಡೆ ನಿಲ್ಲಿಸಿದರು.

ಪಕ್ಕದ ಮನೆಯಾಕೆ ನನಗಿಂತ ಎರಡೋ ಮೂರೋ ವರ್ಷ ಚಿಕ್ಕವರು. ಶಾಲೆಯ ಬಸ್ಸು ಓಡಿಸುವ ಕೆಲಸ. ಗಂಡ ತೀರಿಕೊಂಡು ಒಂದು ವರ್ಷವಾಗಿತ್ತು. ಮಗು ಹುಟ್ಟಿದ ಸುದ್ದಿ ಕೇಳಿ ‘ಹಾಟ್‌ಡಿಶ್’ ಎಂಬ ಆಲೂಗಡ್ಡೆಯ ಭಕ್ಷ್ಯವನ್ನು ಮಾಂಸ ಹಾಕದೆ ಮಾಡಿ ತಂದಿದ್ದರು. ಮಿನ್ನೆಸೋಟಾದಲ್ಲಿ ಹೆರಿಗೆಗೂ ಅದೇ, ಸಾವಿಗೂ ಅದೇ. ನಮ್ಮಲ್ಲಿ ಚಿತ್ರಾನ್ನ ಇದ್ದ ಹಾಗೆ ಎಂದುಕೊಂಡೆ. ಪಾತ್ರೆಯನ್ನು ಖಾಲಿ ಹಿಂತಿರುಗಿಸಬಾರದೆಂದು ಕೋಸಂಬರಿ ತುಂಬಿಸಿಕೊಂಡು ಹೋದೆ. ಬಾಗಿಲು ತೆರೆಯಲಿಲ್ಲ. ಪಕ್ಕದ ಗ್ಯಾರೇಜಿನಿಂದ ಕೊರೆಯುವ ಯಂತ್ರದ ಸದ್ದು ಬರುತ್ತಿತ್ತು. ಇಣುಕಿದರೆ ಆಕೆ ನೆಲದ ಮೇಲೆ ಕಂಬಳಿ ಹಾಸಿ ಮಲಗಿದ್ದಾರೆ, ತಲೆಯೆಲ್ಲ ಒಂದು ಬಂಡಿಯ ಕೆಳಗೆ. ‘ಬಂದಿರಾ? ಆ ಟಾರ್ಚು ಸ್ವಲ್ಪ ಹಿಡಿಯಿರಿ’ ಎಂದರು. ಹೀಗೆ ನಾನು ಟಾರ್ಚು ಹಿಡಿಯುವವಳಾದೆ.

ಸ್ನೋಮೊಬೈಲನ್ನು ನೋಡದವರಿಗೆ ಹೀಗೆ ಹೇಳಬಹುದು. ಮೋಟಾರ್ ಸೈಕಲ್ಲಿನಂಥ ಸೀಟು ಮತ್ತು ಹ್ಯಾಂಡಲ್, ಮುಂದೆ ಗಾಲಿಯ ಬದಲು ಎರಡು ಜಾರುಪಟ್ಟಿಗಳು, ಹಿಂದೆ ಗಾಲಿಯ ಬದಲು ರಬ್ಬರಿನ ಅಗಲವಾದ ಪಟ್ಟಿ. ಈ ಪಟ್ಟಿಗೆ ಟ್ರ್ಯಾಕ್ ಎನ್ನುತ್ತಾರೆ. ಗಿರಣಿಯ ಬೆಲ್ಟಿನಂತೆ ಅದು ಸುತ್ತುತ್ತದೆ, ಮೈಮೇಲೆ ಸಾಲು ಸಾಲು ರಬ್ಬರ್ ಹಲ್ಲುಗಳಿರುತ್ತವೆ, ಹಲ್ಲು ಹಿಮವನ್ನು ಕಚ್ಚಿ ಹಿಂದಕ್ಕೆ ತಳ್ಳಿದರೆ ಬಂಡಿ ಮುಂದಕ್ಕೆ ಹೋಗುತ್ತದೆ. ಟ್ರ್ಯಾಕಿನ ಮೇಲೆ, ಸೀಟಿನ ಕೆಳಗೆ, ಅಲ್ಯೂಮಿನಿಯಂ ತಗಡಿನ ಕಮಾನು ಇದೆ. ಅದಕ್ಕೆ ಟನಲ್ ಎಂದು ಹೆಸರು. ನಮ್ಮ ಕಥೆ ನಡೆಯುವುದು ಆ ಸುರಂಗದಲ್ಲಿ.

ಆಟದ ಸಾಮಾನಿನಂತೆ ಕಾಣುವ ಈ ಬಂಡಿಯ ಹಿಂದೆ ಒಂದು ದುಃಖದ ಕಥೆಯಿದೆ. ಕೆನಡಾದ ಕ್ವಿಬೆಕ್ ಪ್ರಾಂತದ ವಾಲ್ಕೂರ್ ಎಂಬ ಹಳ್ಳಿಯಲ್ಲಿ ಜೋಸೆಫ್ ಆರ್ಮಂಡ್ ಬೊಂಬಾರ್ಡಿಯೇ ಎಂಬ ಮೆಕ್ಯಾನಿಕ್ ಇದ್ದ. 1934ರ ಚಳಿಗಾಲದಲ್ಲಿ ಅವನ ಎರಡು ವರ್ಷದ ಮಗನಿಗೆ ಅಪೆಂಡಿಸೈಟಿಸ್ ಆಯಿತು. ದಾರಿಯೆಲ್ಲ ಹಿಮದಲ್ಲಿ ಹೂತು ಹೋಗಿತ್ತು. ಆಸ್ಪತ್ರೆ ತಲುಪುವ ಉಪಾಯವಿರಲಿಲ್ಲ. ಮಗು ಉಳಿಯಲಿಲ್ಲ. ಹಿಮದ ಮೇಲೆ ಓಡುವ ವಾಹನದ ಪ್ರಯೋಗವನ್ನು ಹುಡುಗನಾಗಿದ್ದಾಗಲೇ ಶುರು ಮಾಡಿದ್ದ ಅವನು, ಆಮೇಲೆ ಅದನ್ನು ಬಿಡದೆ ಹಿಡಿದ. 1937ರಲ್ಲಿ ಟ್ರ್ಯಾಕಿನ ಮೇಲೆ ಓಡುವ ವಾಹನಕ್ಕೆ ಪೇಟೆಂಟ್ ಪಡೆದ. ಏಳು ಜನ ಕೂರಬಹುದಾದ ಅವನ ಬಂಡಿಗಳು ಹಿಮದ ಊರುಗಳಲ್ಲಿ ರೋಗಿಗಳನ್ನೂ ವೈದ್ಯರನ್ನೂ ಶಾಲೆಯ ಮಕ್ಕಳನ್ನೂ ಅಂಚೆಯನ್ನೂ ಹೊತ್ತವು. ಒಬ್ಬಿಬ್ಬರು ಕೂರುವ ಸಣ್ಣ ‘ಸ್ಕೀಡೂ’ ಬಂದದ್ದು 1959ರಲ್ಲಿ. ಮಿನ್ನೆಸೋಟಾದ ರೋಸೋ ಎಂಬ ಸಣ್ಣ ಊರಿನಲ್ಲೂ ಅದೇ ದಶಕದಲ್ಲಿ ಪೊಲಾರಿಸ್ ಕಂಪನಿಯವರು ಇಂಥದೇ ಬಂಡಿ ಮಾಡಿದರು. 1968ರಲ್ಲಿ ರಾಲ್ಫ್ ಪ್ಲೇಸ್ಟೆಡ್ ಎಂಬ ಮಿನ್ನೆಸೋಟಾದ ವಿಮಾ ವ್ಯಾಪಾರಿ ಗೆಳೆಯರನ್ನು ಕಟ್ಟಿಕೊಂಡು ಇದೇ ಬಂಡಿಯ ಮೇಲೆ ಉತ್ತರ ಧ್ರುವವನ್ನೇ ಮುಟ್ಟಿ ಬಂದ. ಆ ಮಗುವಿನ ಕಥೆಯನ್ನು ಪಕ್ಕದ ಮನೆಯಾಕೆ ಹೇಳಿದಾಗ, ಒಳಗೆ ಮೊಮ್ಮಗ ಮಲಗಿದ್ದ ಕೋಣೆಯ ಕಿಟಕಿಯ ಕಡೆಗೆ ನನ್ನ ಕಣ್ಣು ತಾನಾಗಿ ಹೋಯಿತು.

ಆಕೆಯ ಬಂಡಿ ಇಪ್ಪತ್ತು ವರ್ಷ ಹಳೆಯದು. ಗಂಡ ಕೊಂಡದ್ದು, ಗಂಡನೇ ಓಡಿಸುತ್ತಿದ್ದುದು. ಪ್ರತಿ ಚಳಿಗಾಲ ಇಬ್ಬರೂ ಹತ್ತಿರದ ಕೆರೆಯ ಆಚೆ ದಡದ ತನಕ ಹೋಗಿ, ಮಂಜುಗಡ್ಡೆಯ ಮೇಲೆ ಇಟ್ಟಿದ್ದ ಪುಟ್ಟ ಮರದ ಗೂಡಿನಲ್ಲಿ ಕೂತು, ಗಡ್ಡೆಗೆ ತೂತು ಕೊರೆದು ಮೀನು ಹಿಡಿಯುತ್ತಿದ್ದರಂತೆ. ಕೊನೆಯ ಸಲ ಹೋದಾಗ ನಡುಗೆರೆಯಲ್ಲಿ ಇಂಜಿನ್ ಕಾದು ಕೆಂಪು ದೀಪ ಹತ್ತಿ ನಿಂತುಬಿಟ್ಟಿತು. ಯಾರದೋ ಬಂಡಿಗೆ ಕಟ್ಟಿ ಎಳೆದು ತಂದರು. ರಿಪೇರಿ ಮಾಡೋಣ ಎನ್ನುವಷ್ಟರಲ್ಲಿ ಆತನಿಗೆ ಕಾಯಿಲೆ ಬಂತು. ಆಮೇಲೆ ಬಂಡಿ ಮೂಲೆ ಸೇರಿತು. ಮಕ್ಕಳು ‘ಮಾರಿಬಿಡು ಅಮ್ಮ’ ಎಂದರು. ಈಕೆ ಮಾರಲಿಲ್ಲ.

ಮೊದಲು ನನಗೆ ನಗು ಬಂತು. ಸೊನ್ನೆಗಿಂತ ಇಪ್ಪತ್ತು ಮೂವತ್ತು ಡಿಗ್ರಿ ಕೆಳಗಿನ ಚಳಿಯಲ್ಲಿ ಇಂಜಿನ್ ಕಾಯಿತು ಎಂದರೆ ಯಾರು ನಂಬುತ್ತಾರೆ? ಹೊಳೆಯಲ್ಲಿ ನಿಂತವರಿಗೆ ಬಾಯಾರಿದ ಹಾಗಾಯಿತು. ‘ಕಾಯದೆ ಏನು ಮಾಡುತ್ತೆ? ಬಂಡಿಯ ಸುತ್ತ ಚಳಿಯಿದ್ದರೆ ಇಂಜಿನ್ನಿಗೇನು ಬಂತು? ಚಳಿ ಅದಕ್ಕೆ ತಾಗಬೇಕಲ್ಲ’ ಎಂದರು ಆಕೆ, ತಲೆ ಹೊರಗೆ ತೆಗೆಯದೆ.

ಆಮೇಲೆ ತೋರಿಸಿದರು. ಪೆಟ್ರೋಲ್ ಉರಿದಾಗ ಹುಟ್ಟುವ ಶಾಖದಲ್ಲಿ ಓಟಕ್ಕೆ ಒದಗುವುದು ಕಾಲುಭಾಗದಷ್ಟು. ಮಿಕ್ಕದ್ದು ಹೊಗೆಯ ಜತೆ ಹೊರಗೆ ಹೋಗಬೇಕು, ಇಲ್ಲವೆ ಇಂಜಿನ್ನಿನ ಮೈಯಲ್ಲೇ ಉಳಿಯಬೇಕು. ಮೈಯಲ್ಲಿ ಉಳಿದದ್ದನ್ನು ಹೊರಗೆ ಹೊತ್ತೊಯ್ಯಲು ಕೂಲೆಂಟ್ ಎಂಬ ಹಸಿರು ದ್ರವವಿದೆ. ಅರ್ಧ ನೀರು, ಅರ್ಧ ಗ್ಲೈಕಾಲ್. ಬರೀ ನೀರಾದರೆ ಆ ಚಳಿಯಲ್ಲಿ ಹೆಪ್ಪುಗಟ್ಟಿ ಇಂಜಿನ್ನನ್ನೇ ಸೀಳಿಬಿಡುತ್ತದೆ. ಈ ಮಿಶ್ರಣ ಸುಮಾರು 37 ಡಿಗ್ರಿ ಕೆಳಗಿನ ತನಕ ಗಟ್ಟಿಯಾಗದು. ರುಚಿಗೆ ಸಿಹಿಯಂತೆ, ಆದರೆ ಘೋರ ವಿಷ. ನಾಯಿ, ಬೆಕ್ಕು, ಮಕ್ಕಳು ನೆಕ್ಕಿಯಾರೆಂದು ನೆಲದ ಮೇಲೆ ಬಿದ್ದ ಹನಿಯನ್ನು ಆಕೆ ಕೂಡಲೇ ಒರೆಸಿಬಿಡುತ್ತಿದ್ದರು. ಆ ದ್ರವ ತುಂಬುವ ಬಾಯಿಗೆ ಒತ್ತಡದ ಮುಚ್ಚಳವಿದೆ. ಒಳಗೆ ಒತ್ತಡ ಏರಿದರೆ ದ್ರವ ಬೇಗ ಕುದಿಯದು. ‘ನಮ್ಮ ಕುಕ್ಕರಿನ ಹಾಗೆ’ ಎಂದೆ. ‘ಹೌದು, ಬಿಸಿಯಿದ್ದಾಗ ತೆರೆದರೆ ಮುಖ ಸುಡುವುದೂ ಕುಕ್ಕರಿನ ಹಾಗೆಯೇ’ ಎಂದರು.

ಬಿಸಿಯಾದ ದ್ರವ ಕಾರಿನಲ್ಲಾದರೆ ಮುಂದಿನ ರೇಡಿಯೇಟರಿಗೆ ಬಂದು ಗಾಳಿಗೆ ಆರುತ್ತದೆ. ಈ ಬಂಡಿಯಲ್ಲಿ ಸುರಂಗದ ಚಾವಣಿಗೆ ಅಂಟಿಸಿದ ಉದ್ದನೆಯ ಅಲ್ಯೂಮಿನಿಯಂ ಕೊಳವೆಗಳಿಗೆ ಹೋಗುತ್ತದೆ. ಅವೇ ಹೀಟ್ ಎಕ್ಸ್‌ಚೇಂಜರ್‌ಗಳು. ಆಕೆಯ ಬಾಯಲ್ಲಿ ಚುಟುಕಾಗಿ ಕೂಲರ್. ಹೊರಮೈಯಲ್ಲಿ ಬಾಚಣಿಗೆಯ ಹಲ್ಲಿನಂಥ ಗೆರೆಗಳಿರುತ್ತವೆ, ಮೈ ಹೆಚ್ಚಿದಷ್ಟೂ ಬಿಸಿ ಬೇಗ ದಾಟಲೆಂದು. ಟ್ರ್ಯಾಕ್ ಸುತ್ತುವಾಗ ಅದರ ಹಲ್ಲುಗಳು ಹಿಮವನ್ನು ಮೊಗೆದು ಮೇಲಕ್ಕೆ ಎರಚುತ್ತವೆ. ಹಿಮ ಕೊಳವೆಗೆ ಬಡಿದು ಕರಗುತ್ತದೆ. ಕರಗುವ ಒಂದೊಂದು ಗ್ರಾಮೂ 80 ಕ್ಯಾಲೊರಿ ಬಿಸಿಯನ್ನು ಕಿತ್ತುಕೊಂಡು ನೀರಾಗಿ ತೊಟ್ಟಿಕ್ಕುತ್ತದೆ. ನನ್ನ ಕಪ್ಪು ಹಲಗೆಯ ಲೆಕ್ಕ! ಮೂವತ್ತು ವರ್ಷ ಬಾಯಲ್ಲಿ ಹೇಳಿದ್ದು ಅಲ್ಲಿ ಕೊಳವೆಯ ರೂಪದಲ್ಲಿ ನೇತಾಡುತ್ತಿತ್ತು.

ಆದ್ದರಿಂದ ಈ ಬಂಡಿ ಸುಖವಾಗಿರಬೇಕಾದರೆ ಅದರ ಹೊಟ್ಟೆಗೆ ಪುಡಿ ಹಿಮ ಬೀಳುತ್ತಲೇ ಇರಬೇಕು. ಹೆಪ್ಪುಗಟ್ಟಿದ ಕೆರೆಯ ಮೇಲೆ ಗಾಳಿ ಬೀಸಿ ಹಿಮವೆಲ್ಲ ಹಾರಿಹೋಗಿ ಕನ್ನಡಿಯಂಥ ಗಡ್ಡೆ ಮಾತ್ರ ಉಳಿದಿದ್ದರೆ ಮುಗಿಯಿತು. ಕೆಳಗೆ ಗಡ್ಡೆ, ಸುತ್ತ ಮೈ ಕೊರೆಯುವ ಚಳಿ, ಒಳಗೆ ಇಂಜಿನ್ ಕುದಿಯುತ್ತದೆ. ಇದಕ್ಕೆ ತಿಳಿದವರು ದಡದ ಕಡೆ ತಿರುಗಿಸಿ ಮೆತ್ತನೆ ಹಿಮದಲ್ಲಿ ಹತ್ತು ಮಾರು ಓಡಿಸಿ ತಂಪು ಮಾಡಿಕೊಂಡು ಬರುತ್ತಾರೆ. ಇನ್ನು ಕೆಲವರು ‘ಸ್ಕ್ರ್ಯಾಚರ್’ ಎಂಬ ಉಕ್ಕಿನ ಕಡ್ಡಿಗಳನ್ನು ಕಟ್ಟಿಕೊಳ್ಳುತ್ತಾರೆ. ಅವು ಗಡ್ಡೆಯ ಮೇಲೆ ಎಳೆದುಕೊಂಡು ಬರುತ್ತ, ತೆಂಗಿನಕಾಯಿ ತುರಿದ ಹಾಗೆ ಮಂಜನ್ನು ತುರಿದು ಮೇಲಕ್ಕೆ ಹಾರಿಸುತ್ತವೆ.

ಈಕೆಯ ಬಂಡಿಗೆ ಬಂದ ರೋಗ ಎರಡು ಬಗೆಯದು. ಗಡ್ಡೆಯ ಮೇಲೆ ಹಿಡಿತ ಸಿಗಲೆಂದು ಗಂಡ ಟ್ರ್ಯಾಕಿಗೆ ಉಕ್ಕಿನ ಮೊಳೆಗಳನ್ನು ಹಾಕಿಸಿದ್ದ, ಎತ್ತರದ ಹಲ್ಲಿರುವ ಹೊಸ ಟ್ರ್ಯಾಕನ್ನೂ ಕೂರಿಸಿದ್ದ. ಟ್ರ್ಯಾಕ್ ಸಡಿಲವಾಗಿ ಮೇಲಕ್ಕೆ ಕುಣಿದಾಗಲೆಲ್ಲ ಮೊಳೆಯ ತುದಿ ಚಾವಣಿಯ ಮುಂಭಾಗದ ಕೂಲರನ್ನು ಗೀರುತ್ತ ಬಂದು, ಒಂದು ದಿನ ತೂತು ಮಾಡಿತು. ದ್ರವ ಸೋರಿತು. ಅದರ ಮೇಲೆ ಬರೀ ಗಡ್ಡೆಯ ಕೆರೆ. ಎರಡೂ ಕೂಡಿ ಇಂಜಿನ್ನನ್ನು ಬೇಯಿಸಿದವು.

ತೂತಿಗೆ ಬೆಸುಗೆ ಹಾಕಬಹುದಿತ್ತು. ಆದರೆ ಅಲ್ಯೂಮಿನಿಯಂ ಬೆಸುಗೆ ನಾಜೂಕಿನ ಕೆಲಸ. ಒಳಗೆ ಗ್ಲೈಕಾಲಿನ ಜಿಡ್ಡು ಉಳಿದಿದ್ದರೆ ಹಿಡಿಯುವುದೇ ಇಲ್ಲ. ಹೊಸ ಕೂಲರನ್ನೇ ತರಿಸಿದರು. ಹಳೆಯದನ್ನು ಬಿಚ್ಚುವುದಕ್ಕೆ ಟ್ರ್ಯಾಕನ್ನೂ ಅದರ ಒಳಗಿನ ಚೌಕಟ್ಟನ್ನೂ ಕಳಚಬೇಕಾಯಿತು. ಕೂಲರನ್ನು ಹಿಡಿದಿದ್ದುದು ಸ್ಕ್ರೂ ಅಲ್ಲ, ರಿವಿಟ್. ನಮ್ಮ ಹಳೆಯ ಹಿಂಡಾಲಿಯಂ ಬಾಣಲೆಯ ಹಿಡಿಯನ್ನು ಮೈಗೆ ಕೂಡಿಸಿರುತ್ತಾರಲ್ಲ, ಅದೇ ಗುಂಡು ಮೊಳೆ. ಒಂದೊಂದರ ತಲೆಯನ್ನೂ ಕೊರೆದು ತೆಗೆಯಬೇಕು. ಸಂಜೆ ಬಸ್ಸಿನ ಕೆಲಸ ಮುಗಿಸಿ ಬಂದು ಆಕೆ ದಿನಕ್ಕೆ ಏಳೋ ಎಂಟೋ ತೆಗೆಯುತ್ತಿದ್ದರು. ನಾನು ಸೀರೆಯ ಮೇಲೆ ಅಳಿಯನ ಹಳೆಯ ಹಿಮದ ಪ್ಯಾಂಟು, ಅದರ ಮೇಲೆ ಮಗಳ ಕೋಟು, ತಲೆಗೆ ಮಂಕಿ ಕ್ಯಾಪು ಹಾಕಿಕೊಂಡು ಟಾರ್ಚು ಹಿಡಿದು ಕೂರುತ್ತಿದ್ದೆ. ಆ ವೇಷದಲ್ಲಿ ನಮ್ಮೂರ ಮಾರಿಗುಡಿ ಬೀದಿಯಲ್ಲಿ ನಡೆದಿದ್ದರೆ ನಾಯಿಗಳು ಓಡಿಹೋಗುತ್ತಿದ್ದವು.

ಹೊಸದು ಬಂದ ದಿನ ಆಕೆ ಅದನ್ನು ಹಳೆಯ ಜಾಗದಲ್ಲಿ ಇಟ್ಟು ನೋಡಿದರು. ಮೊಳೆಗೂ ಕೊಳವೆಗೂ ನಡುವೆ ಬೆರಳು ತೂರಿಸಿ ಅಳೆದರು. ಒಂದು ಬೆರಳೂ ಸರಿಯಾಗಿ ಹೋಗಲಿಲ್ಲ. ಸುಮ್ಮನೆ ಕೂತರು. ಹಾಳಾದ ಸಾಮಾನಿನ ಜಾಗಕ್ಕೆ ಹೊಸ ಸಾಮಾನು ಹಾಕಿದರೆ ಕೆಲಸ ಮುಗಿಯಿತು ಎಂದು ನಾನು ತಿಳಿದಿದ್ದೆ. ಆಕೆ ಹೇಳಿದರು: ‘ಅದೇ ಜಾಗ, ಅದೇ ಮೊಳೆ. ಇಲ್ಲೇ ಕೂರಿಸಿದರೆ ಎರಡು ಚಳಿಗಾಲದಲ್ಲಿ ಮತ್ತೆ ತೂತು. ಇದು ಜಾಗ ಬದಲಾಯಿಸಬೇಕು.’ ಗಂಡ ಬದುಕಿದ್ದರೆ ಮೊಳೆ ತೆಗೆಸಲು ಒಪ್ಪುತ್ತಿರಲಿಲ್ಲ, ಕೂಲರ್ ಸರಿಸಲೂ ಒಪ್ಪುತ್ತಿರಲಿಲ್ಲ, ಹೇಗಿತ್ತೋ ಹಾಗೇ ಇರಬೇಕು ಎನ್ನುವ ಮನುಷ್ಯ ಎಂದೂ ಸೇರಿಸಿದರು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ.

ಹಾಗೆ ಕೂಲರ್ ಹಿಂದಕ್ಕೆ ಹೋಯಿತು, ಬಂಡಿಯ ಬಾಲದ ಹತ್ತಿರಕ್ಕೆ. ಅಲ್ಲಿ ಎರಡು ಅನುಕೂಲ. ಟ್ರ್ಯಾಕಿಗೂ ಚಾವಣಿಗೂ ಅಂತರ ಹೆಚ್ಚು. ಜತೆಗೆ ಟ್ರ್ಯಾಕ್ ನೆಲ ಬಿಟ್ಟು ಮೇಲಕ್ಕೆ ತಿರುಗುವುದು ಹಿಂದುಗಡೆಯೇ ಆದ್ದರಿಂದ, ಅಲ್ಲಿಗೆ ಹಿಮ ಧಾರಾಳವಾಗಿ ಬಂದು ಬೀಳುತ್ತದೆ. ಆದರೆ ಜಾಗ ಬದಲಾಯಿಸುವುದೆಂದರೆ ಎತ್ತಿ ಇಡುವಷ್ಟು ಸರಳವಲ್ಲ. ಹಳೆಯ ರಬ್ಬರ್ ನಳಿಗೆಗಳು ಅಷ್ಟು ದೂರಕ್ಕೆ ಎಟುಕಲಿಲ್ಲ, ಉದ್ದದವನ್ನು ತರಬೇಕಾಯಿತು. ನಳಿಗೆ ಎಲ್ಲೂ ಮಡಚಿಕೊಳ್ಳಬಾರದು, ಹೊಗೆ ಕೊಳವೆಗೆ ತಾಗಿ ಕರಗಬಾರದು, ಟ್ರ್ಯಾಕಿಗೆ ಸಿಕ್ಕಿ ಸವೆಯಬಾರದು. ಹಳೆಯ ರಿವಿಟ್ಟಿನ ತೂತುಗಳನ್ನು ತೆರೆದು ಬಿಡುವಂತಿಲ್ಲ; ಒಂದೊಂದನ್ನೂ ಮುಚ್ಚಬೇಕು. ಹೊಸ ಜಾಗದಲ್ಲಿ ಹೊಸ ತೂತು ಕೊರೆಯುವಾಗ ಕೈ ಒಂದು ಗೆರೆ ತಪ್ಪಿದರೆ ಹೊಸ ಕೂಲರಿಗೇ ಗಾಯ. ಹದಿಮೂರು ಸಾವಿರ ಕಿಲೋಮೀಟರ್ ಆಚೆ ಹೋಗಿ ಮನೆ ಕಟ್ಟಿಕೊಂಡ ನಮ್ಮ ಹೆಣ್ಣುಮಕ್ಕಳ ನೆನಪು ನನಗೆ ಬಂತು. ಜಾಗ ಬದಲಾಯಿತು ಎಂದು ನಾವು ಒಂದು ಮಾತಿನಲ್ಲಿ ಹೇಳಿಬಿಡುತ್ತೇವೆ. ಎಟುಕದೆ ಹೋದ ನಳಿಗೆಗಳೆಷ್ಟು, ಮುಚ್ಚಬೇಕಾದ ತೂತುಗಳೆಷ್ಟು, ಅವರಿಗೇ ಗೊತ್ತು.

ಮಗಳ ವಿಷಯ ಹೇಳಲೇಬೇಕು. ಹೆರಿಗೆ ಸುಸೂತ್ರವಾಗಿತ್ತು. ಮಗು ಗುಂಡುಗುಂಡಗೆ ಇದ್ದ. ಅಳಿಯ ಒಳ್ಳೆಯವನು, ಪಾತ್ರೆ ತೊಳೆಯುತ್ತಾನೆ, ಮಗುವಿನ ಬಟ್ಟೆ ಬದಲಾಯಿಸುತ್ತಾನೆ. ಪ್ರತಿದಿನ ಬೆಳಿಗ್ಗೆ ಸಾಗರದಿಂದ, ಬೆಂಗಳೂರಿನಿಂದ, ಮೈಸೂರಿನಿಂದ ವಿಡಿಯೋದಲ್ಲಿ ಎಲ್ಲರೂ ಬರುತ್ತಿದ್ದರು. ಗೆಳತಿಯರು ಬಾಗಿಲ ಮುಂದೆ ಊಟದ ಡಬ್ಬಿ ಇಟ್ಟು ಫೋನಿನಲ್ಲಿ ಹೃದಯದ ಚಿತ್ರ ಕಳಿಸಿ ಹೋಗುತ್ತಿದ್ದರು. ಸುತ್ತ ನೋಡಿದರೆ ತಂಪೋ ತಂಪು. ಮಗಳು ಮಾತ್ರ ದಿನದಿನಕ್ಕೆ ಮೌನವಾಗುತ್ತಿದ್ದಳು. ಸಣ್ಣದಕ್ಕೆಲ್ಲ ಸಿಡಿಯುವಳು, ಸಿಡಿದ ಮೇಲೆ ಅಳುವಳು, ರಾತ್ರಿ ಮಗು ಮಲಗಿದರೂ ತಾನು ಮಲಗಳು. ‘ಎಣ್ಣೆ ಹಚ್ಚಲೇ’ ಎಂದರೆ ‘ಬೇಡಮ್ಮ, ಬಚ್ಚಲು ಜಾರುತ್ತೆ’ ಎಂಬ ಒಂದೇ ಉತ್ತರ. ‘ಹೇಗಿದ್ದೀಯೇ’ ಎಂದು ಫೋನಿನಲ್ಲಿ ಕೇಳಿದವರಿಗೆಲ್ಲ ‘ಚೆನ್ನಾಗಿದ್ದೀನಿ’ ಎಂದು ನಗುವಳು. ಆ ನಗು ಕೆರೆಯ ಮೇಲಿನ ಗಡ್ಡೆಯ ಹಾಗೆ ನುಣುಪಾಗಿತ್ತು.

ಫೆಬ್ರವರಿಯ ಒಂದು ಶನಿವಾರ ದ್ರವ ತುಂಬುವ ಕೆಲಸ. ಆಕೆ ನಮ್ಮ ಮನೆಗೇ ಬಂದು, ಕೇಳದೆ ಮಾಡದೆ ಮಗುವನ್ನು ಅಳಿಯನ ಕೈಗೆ ಕೊಟ್ಟು, ‘ಇವತ್ತು ನನಗೆ ಎಳೆಯ ಕೈ ಬೇಕು, ನಿನ್ನ ಅಮ್ಮನ ಕೈ ಆ ಸಂದಿಗೆ ಹೋಗುವುದಿಲ್ಲ’ ಎಂದು ಮಗಳನ್ನು ಎಬ್ಬಿಸಿಕೊಂಡು ಹೋದರು. ನಾನೂ ಹಿಂದೆ ಹೋದೆ.

ಹೊಸದಾಗಿ ಕೂರಿಸಿದ ಕೂಲರಿಗೆ ದ್ರವ ತುಂಬಿದ ಮಾತ್ರಕ್ಕೆ ಅದು ಕೆಲಸ ಮಾಡುವುದಿಲ್ಲ. ಒಳಗೆ ಗಾಳಿಯ ಗುಳ್ಳೆ ಸಿಕ್ಕಿಕೊಂಡಿರುತ್ತದೆ. ಗುಳ್ಳೆ ಇದ್ದಲ್ಲಿ ದ್ರವ ಹರಿಯದು. ಹೊರಗಿನಿಂದ ನೋಡಿದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ, ತುಂಬುವ ಬಾಯಿಯಲ್ಲೂ ದ್ರವ ತುಂಬಿಯೇ ಇರುತ್ತದೆ. ಅದಕ್ಕೆ ಬಂಡಿಯ ಮೂತಿಯನ್ನು ಎತ್ತಿ ನಿಲ್ಲಿಸುತ್ತಾರೆ, ತುಂಬುವ ಬಾಯಿ ಎಲ್ಲಕ್ಕಿಂತ ಎತ್ತರಕ್ಕೆ ಬರಲೆಂದು. ಇಂಜಿನ್ ನಿಧಾನವಾಗಿ ಓಡಿಸುತ್ತಾರೆ. ಗುಳ್ಳೆಗಳು ಒಂದೊಂದಾಗಿ ಮೇಲೆ ಬಂದು ಒಡೆಯುತ್ತವೆ, ದ್ರವ ಕೆಳಗಿಳಿಯುತ್ತದೆ, ಮತ್ತೆ ತುಂಬುತ್ತಾರೆ. ಅವಸರ ಮಾಡುವಂತಿಲ್ಲ. ಬಿಸಿ ಒಂದು ಹಂತಕ್ಕೆ ಬಂದ ಮೇಲೆ ಥರ್ಮೋಸ್ಟ್ಯಾಟ್ ಎಂಬ ಪುಟ್ಟ ಬಾಗಿಲು ತೆರೆದು, ದ್ರವ ಹಿಂದಿನ ಕೂಲರಿಗೆ ಹರಿಯಬೇಕು. ಹರಿಯಿತೋ ಇಲ್ಲವೋ ತಿಳಿಯುವುದಕ್ಕೆ ಆ ಗ್ಯಾರೇಜಿನಲ್ಲಿದ್ದ ಮೀಟರ್ ಒಂದೇ, ಮನುಷ್ಯನ ಕೈ.

‘ಕೈ ಇಟ್ಟು ಹೇಳು’ ಎಂದು ಆಕೆ ಮಗಳಿಗೆ ಹೇಳಿದರು. ಎಂಜಿನ್ ನಿಲ್ಲಿಸಿದರು. ಮಗಳು ಮಂಡಿಯೂರಿ ಸುರಂಗದ ಹಿಂಭಾಗಕ್ಕೆ ಕೈ ತೂರಿಸಿದಳು.

‘ತಣ್ಣಗಿದೆ.’

ಮತ್ತೆ ಮೂತಿ ಎತ್ತಿದರು. ಮತ್ತೆ ಓಡಿಸಿದರು. ಗುಳ್ಳೆ ಬಂತು, ಹೋಯಿತು. ಹೀಗೆ ಮೂರೋ ನಾಲ್ಕೋ ಸಲ. ಪ್ರತಿ ಸಲವೂ ಅವಳು ಕೈ ಇಟ್ಟು ನೋಡುವಳು, ‘ತಣ್ಣಗಿದೆ’ ಎನ್ನುವಳು. ಕೊನೆಗೊಮ್ಮೆ ಕೈ ಇಟ್ಟವಳು ಮಾತಾಡಲಿಲ್ಲ. ಕೈಯನ್ನು ಆ ತುದಿಯಿಂದ ಈ ತುದಿಯ ತನಕ ಸರಿಸಿದಳು. ‘ಬೆಚ್ಚಗಿದೆ. ಉದ್ದಕ್ಕೂ ಬೆಚ್ಚಗಿದೆ’ ಎಂದಳು. ಎಷ್ಟೋ ದಿನಗಳ ಮೇಲೆ ಅವಳ ದನಿಯಲ್ಲಿ ಏನೋ ಒಂದು ವಿಷಯದ ಮೇಲೆ ಆಸಕ್ತಿ ಕೇಳಿಸಿತು.

ಆಕೆ ಕೈ ಒರೆಸಿಕೊಳ್ಳುತ್ತ ಅವಳ ಪಕ್ಕದಲ್ಲೇ ನೆಲದ ಮೇಲೆ ಕೂತರು. ‘ನಮ್ಮವರು ಹೋದಾಗ ಚರ್ಚಿಗೆ ಇನ್ನೂರು ಜನ ಬಂದಿದ್ದರು. ಫ್ರಿಜ್ ತುಂಬ ಹಾಟ್‌ಡಿಶ್. ಎಲ್ಲರೂ ಒಳ್ಳೆಯವರು. ಆದರೆ ಆರು ತಿಂಗಳು ನನ್ನ ಕೈ ಹಿಡಿದವರು ಯಾರೂ ಇಲ್ಲ’ ಎಂದರು. ಆಮೇಲೆ ಬಸ್ಸಿಗೆ ಹತ್ತುವ ಆರು ವರ್ಷದ ಹುಡುಗಿಯೊಬ್ಬಳು ಜಾರಿ ಬೀಳದಿರಲು ಇವರ ಕೈ ಹಿಡಿದುಕೊಂಡಳಂತೆ. ಆ ದಿನ ಮನೆಗೆ ಬಂದು ಅತ್ತರಂತೆ. ಇಷ್ಟು ಹೇಳಿ ಎದ್ದು ಹೋಗಿ ಸ್ಪ್ಯಾನರುಗಳನ್ನು ಜೋಡಿಸತೊಡಗಿದರು.

ಮನೆಗೆ ಬರುವ ದಾರಿ ಐವತ್ತು ಹೆಜ್ಜೆ. ಅರ್ಧದಲ್ಲಿ ಮಗಳು ನಿಂತು ನನ್ನ ತೋಳು ಹಿಡಿದಳು. ‘ಅಮ್ಮ, ಒಳಗೆಲ್ಲ ಕುದೀತಾ ಇದೆ. ಮಗು ಅತ್ತರೆ ಬಾಗಿಲು ತೆಗೆದು ಎಲ್ಲಾದರೂ ಓಡಿಹೋಗಬೇಕು ಅನ್ಸುತ್ತೆ’ ಎಂದಳು. ಅಲ್ಲೇ ಹಿಮದಲ್ಲಿ ನಿಂತು ಅತ್ತಳು. ಆ ಚಳಿಯಲ್ಲಿ ಕಣ್ಣೀರು ರೆಪ್ಪೆಯ ಮೇಲೆಯೇ ಹೆಪ್ಪುಗಟ್ಟುತ್ತದೆ. ನನ್ನ ಅಂಗೈಯಿಂದ ಅದನ್ನು ಕರಗಿಸಿದೆ. ಆ ರಾತ್ರಿ ಬಚ್ಚಲಿಗೆ ಟವೆಲು ಹಾಸಿ, ಸ್ಟೂಲು ಹಾಕಿ ಕೂರಿಸಿ, ನೆತ್ತಿಗೆ ಎಣ್ಣೆ ಒತ್ತಿದೆ. ಒತ್ತುತ್ತ ಹೋದ ಹಾಗೆ ಮಾತು ಒಂದೊಂದಾಗಿ ಮೇಲೆ ಬಂತು. ನಾನು ಉಪದೇಶಕ್ಕೆ ಹೋಗಲಿಲ್ಲ.

ಎಣ್ಣೆಯಿಂದಲೇ ಎಲ್ಲ ವಾಸಿಯಾಯಿತು ಎಂದು ನಾನು ಹೇಳುತ್ತಿಲ್ಲ. ಬಾಣಂತಿಯರಿಗೆ ಬರುವ ಈ ಖಿನ್ನತೆ ಕಾಯಿಲೆಯೇ ಸರಿ. ಅದಕ್ಕೆ ವೈದ್ಯರೂ ಬೇಕು. ಮಗುವನ್ನು ತೋರಿಸಲು ಹೋದಾಗ ಅಲ್ಲಿ ತಾಯಿಯ ಕೈಗೂ ಒಂದು ಕಾಗದ ಕೊಡುತ್ತಾರೆ. 1987ರಲ್ಲಿ ಎಡಿನ್‌ಬರೋದಲ್ಲಿ ರೂಪಿಸಿದ ಹತ್ತು ಪ್ರಶ್ನೆಗಳು. ನಗು ಬರುತ್ತದೆಯೇ, ಕಾರಣವಿಲ್ಲದೆ ಭಯವಾಗುತ್ತದೆಯೇ, ನಿದ್ದೆ ಬಾರದಷ್ಟು ದುಃಖವಾಗುತ್ತದೆಯೇ, ಹೀಗೆ. ಎರಡು ತಿಂಗಳಿನ ಭೇಟಿಯಲ್ಲಿ ಮಗಳು ಆ ಹತ್ತಕ್ಕೂ ಉಳ್ಳದ್ದು ಉಳ್ಳಂತೆ ಗುರುತು ಹಾಕಿದಳು. ವಾರಕ್ಕೊಮ್ಮೆ ಆಪ್ತ ಸಲಹೆ, ಜತೆಗೆ ಮಾತ್ರೆ ಶುರುವಾದವು. ಕುದಿತ ಇಳಿಯಲು ತಿಂಗಳುಗಳೇ ಹಿಡಿದವು. ನಮ್ಮ ಊರುಗಳಲ್ಲೂ ಎಷ್ಟೋ ಬಾಣಂತಿಯರು ತಲೆಗೆ ಬಟ್ಟೆ ಕಟ್ಟಿಕೊಂಡು ಕತ್ತಲೆ ಕೋಣೆಯಲ್ಲಿ ಹೀಗೆಯೇ ಕುದಿದಿರಬಹುದು. ‘ಹೆತ್ತವಳಿಗೆ ಸಿಟ್ಟು ಸಹಜ’ ಎಂದೋ ‘ಗಾಳಿ ಸೋಕಿದೆ’ ಎಂದೋ ಮಾತು ಮುಗಿದಿರುತ್ತದೆ.

ಬಂಡಿಯ ಪರೀಕ್ಷೆ ಮುಂದಿನ ಭಾನುವಾರ ನಡೆಯಿತು. ಕೆರೆಯ ಮೇಲೆ ಹೋಗುವ ಮುನ್ನ ಆಕೆ ಗಡ್ಡೆಗೆ ತೂತು ಕೊರೆದು ದಪ್ಪ ಅಳೆದರು. ಸ್ನೋಮೊಬೈಲಿಗೆ ಕನಿಷ್ಠ ಐದರಿಂದ ಏಳು ಅಂಗುಲ ಬೇಕೆಂಬುದು ಅಲ್ಲಿನ ಸರಕಾರದ ಸೂಚನೆ. ಆ ವರ್ಷ ಅದರ ಎರಡರಷ್ಟಕ್ಕಿಂತ ಹೆಚ್ಚಿತ್ತು. ಹೊಸ ಸ್ಕ್ರ್ಯಾಚರ್ ಕಡ್ಡಿಗಳನ್ನೂ ಹಾಕಿಸಿದ್ದರು. ಬಂಡಿ ಹೊರಟಿತು. ಅದರ ಹಿಂದೆ ತುರಿದ ಮಂಜು ತೆಂಗಿನ ತುರಿಯಂತೆ ಹಾರುತ್ತಿತ್ತು. ಆಚೆ ದಡದ ತನಕ ಹೋಗಿ ಚುಕ್ಕೆಯಾದದ್ದು ಮತ್ತೆ ದೊಡ್ಡದಾಗುತ್ತ ಬಂತು. ಕೆಂಪು ದೀಪ ಹತ್ತಿರಲಿಲ್ಲ. ಆಕೆ ಇಳಿದು, ಕೈಗವಸು ತೆಗೆದು, ಹಿಂದಿನ ತಗಡನ್ನು ಮುಟ್ಟಿ ನೋಡಿದರು. ಸುರಂಗದಿಂದ ನೀರು ತೊಟ್ಟಿಕ್ಕುತ್ತಿತ್ತು. ಬಿಟ್ಟರೆ ಆ ನೀರು ಹೆಪ್ಪುಗಟ್ಟಿ ಟ್ರ್ಯಾಕ್ ನೆಲಕ್ಕೆ ಅಂಟಿಕೊಳ್ಳುತ್ತದೆಂದು ಕೆಳಗೆ ಮರದ ತುಂಡು ಇಟ್ಟರು. ‘ಬನ್ನಿ, ಒಂದು ಸುತ್ತು’ ಎಂದರು ನನಗೆ. ಸಾಗರದ ನಿವೃತ್ತ ವಿಜ್ಞಾನ ಶಿಕ್ಷಕಿ ಸೀರೆ, ಪ್ಯಾಂಟು, ಮಂಕಿ ಕ್ಯಾಪು ಸಮೇತ ಹಿಂದೆ ಕೂತಳು. ಕಣ್ಣು ಮುಚ್ಚಿಕೊಂಡೇ ಹೋಗಿ ಬಂದೆನಾದ್ದರಿಂದ ಆಚೆ ದಡದ ವರ್ಣನೆಯನ್ನು ನನ್ನಿಂದ ಕೇಳಬೇಡಿ.

ಏಪ್ರಿಲ್‌ನಲ್ಲಿ ನಾನು ಊರಿಗೆ ಮರಳಿದೆ. ಮೊಮ್ಮಗ ಈಗ ಶಾಲೆಗೆ ಹೋಗುತ್ತಾನೆ. ಪಕ್ಕದ ಮನೆಯಾಕೆ ಕೆಲಸದಿಂದ ನಿವೃತ್ತರಾದರೂ ಬಂಡಿಯನ್ನು ಮಾರಿಲ್ಲ. ಪ್ರತಿ ವರ್ಷ ಮೊದಲ ಹಿಮ ಬೀಳುವ ಮುಂಚೆ ಅದನ್ನು ಬಿಚ್ಚಿ, ನಳಿಗೆಗಳನ್ನು ಹಿಸುಕಿ ನೋಡಿ, ಹಳೆಯ ದ್ರವ ತೆಗೆದು ಹೊಸದು ತುಂಬುತ್ತಾರೆ. ಆಗ ಟಾರ್ಚು ಹಿಡಿಯುವ ಕೆಲಸ ಮೊಮ್ಮಗನದು, ಕೈ ಇಟ್ಟು ನೋಡಿ ಹೇಳುವ ಕೆಲಸ ಮಗಳದು.